ಕ್ಯೂಆರ್ ಕೋಡ್ ಕಿತ್ತು ಹಾಕಿದ್ರೆ ಜಿಎಸ್‌ಟಿ ತಪ್ಪುತ್ತಾ? ಅಂಗಡಿಯವರು ತಿಳ್ಕೊಬೇಕಾದ್ದು ಇಷ್ಟು

ಗುಂಡ್ಲುಪೇಟೆ: "ಸ್ಕ್ಯಾನ್ ಮಾಡಂಗಿಲ್ಲ ಕಣಣ್ಣ, ಕ್ಯಾಷ್ ಇದ್ರೆ ಕೊಡಿ."

ಅಂಗಡಿಗಳಲ್ಲಿ ಈ ಮಾತು ಶುರುವಾಗಿದ್ದು 2025ರ ಜುಲೈನಲ್ಲಿ. 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂ. ಕಟ್ಟಿ ಅಂತ ಬಂದಿತ್ತು. ಗಲಾಟೆ ಜೋರಾದ ಮೇಲೆ ಜುಲೈ 23ರಂದು ಸಿಎಂ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಿ ಎಂದರು. ಆದರೂ ಭಯ ಪೂರ್ತಿ ಹೋಗಿಲ್ಲ.

ನಮ್ಮ ಖಾತೆ ಲೆಕ್ಕ ಖಾಸಗಿ ಅಲ್ವಾ?

ಹೌದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದೇ ಹೇಳಿದೆ. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಕಾನೂನಿದ್ದು, ಸರಿಯಾದ ಉದ್ದೇಶವಿದ್ದು, ಅಗತ್ಯ ಇದ್ದಷ್ಟೇ ಆದರೆ ಸರ್ಕಾರ ಮಿತಿ ಹಾಕಬಹುದು ಅಂತಲೂ ಅದೇ ತೀರ್ಪು ಹೇಳುತ್ತೆ. 2023ರ ಡೇಟಾ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮ ಬಂದಿವೆ. ಕಾನೂನು ಉಲ್ಲಂಘನೆ ಪತ್ತೆ ಹಚ್ಚೋದಕ್ಕೆ ಅದರಲ್ಲೂ ವಿನಾಯಿತಿ ಇದೆ. ಹಾಗಾಗಿ ಖಾಸಗಿತನದ ಮಾತೊಂದನ್ನೇ ನಂಬಿ ಕೂರೋಕಾಗಲ್ಲ.

ಯಾರು ನೋಂದಣಿ ಮಾಡಿಸಬೇಕು?

ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದ್ರೆ, ಅಂದ್ರೆ ದಿನಕ್ಕೆ ಸುಮಾರು 11 ಸಾವಿರ. ಹೋಟೆಲ್, ಸಲೂನ್ ಥರ ಸೇವೆ ಕೊಡೋರಿಗೆ 20 ಲಕ್ಷ.

ಬರೀ ತಾಜಾ ತರಕಾರಿ, ಹಣ್ಣು, ಹಾಲಿನಂಥ ತೆರಿಗೆ ಇಲ್ಲದ ಮಾಲು ಮಾತ್ರ ಮಾರಿದ್ರೆ ಎಷ್ಟೇ ವ್ಯಾಪಾರ ಆದ್ರೂ ನೋಂದಣಿ ಬೇಡ. ಆದರೆ ತರಕಾರಿ ಜೊತೆ ಬಿಸ್ಕೆಟ್, ಸೋಪು ಇಟ್ಟಿದ್ರೆ ಎರಡೂ ಸೇರಿಸಿ ವಹಿವಾಟು ಲೆಕ್ಕ ಹಾಕ್ತಾರೆ. ಬಹಳ ಜನ ಎಡವೋದು ಇಲ್ಲೇ.

ಕ್ಯಾಷ್ ಮಾತ್ರ ತಗೊಂಡ್ರೆ?

ತಪ್ಪಲ್ಲ. ವಹಿವಾಟು ಅಂದ್ರೆ ಕ್ಯಾಷ್, ಯುಪಿಐ ಎರಡೂ. ಊಟಿ, ಕೇರಳದ ಕಡೆ ಹೋಗೋ ಗಿರಾಕಿ ಚಿಲ್ಲರೆ ಇಲ್ಲ ಅಂತ ಪಕ್ಕದ ಅಂಗಡಿಗೆ ಹೋಗ್ತಾರೆ, ನಷ್ಟ ನಮಗೇ.

ಈಗ ಏನ್ ಮಾಡೋದು?

* ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್ ಇಡಿ. ಚೀಟಿ ದುಡ್ಡು, ಕೈಸಾಲ, ಮಗ ಕಳಿಸಿದ ದುಡ್ಡು ವ್ಯಾಪಾರ ಅಲ್ಲ. ಒಂದೇ ಖಾತೆಗೆ ಬಿದ್ದರೆ ಬಿಡಿಸಿ ತೋರಿಸೋ ಕಷ್ಟ ನಿಮ್ಮದೇ.
* ಮಾಲು ತಂದ ಬಿಲ್ ಎಸೀಬೇಡಿ.
* ಮಿತಿ ದಾಟೋ ಹಾಗಿದ್ರೆ ರಾಜಿ ತೆರಿಗೆ ಪದ್ಧತಿ ಕೇಳಿ. 1.5 ಕೋಟಿವರೆಗಿನ ಸರಕು ವ್ಯಾಪಾರಿಗೆ 1%, ಹೋಟೆಲ್‌ಗೆ 5%.
* ನೋಟಿಸ್ ಬಂದ್ರೆ ಸುಮ್ಮನಿರಬೇಡಿ, ದಾಖಲೆ ಸಮೇತ ಉತ್ತರ ಕೊಡಿ. ನೋಟಿಸ್ ಹೆಸರಲ್ಲಿ ಫೋನ್ ಮಾಡಿ ಓಟಿಪಿ ಕೇಳಿದ್ರೆ ಕೊಡಬೇಡಿ, ಇಲಾಖೆ ಕಚೇರಿಗೇ ಹೋಗಿ ವಿಚಾರಿಸಿ.