ಮೊಬೈಲ್ ಆಪ್ ತರಿಸಿಕೊಳ್ಳುವ ದತ್ತಾಂಶವೂ ಚರಿತ್ರೆಯ ತೇದಿಗಳೂ

ಒಂದು ಯುದ್ಧದ ತೇದಿಯನ್ನೋ ಒಬ್ಬ ಅರಸನ ಮರಣದ ವರ್ಷವನ್ನೋ ತಿಳಿಯಬೇಕಾದಾಗ ನಮ್ಮ ವಿದ್ಯಾರ್ಥಿಗಳು ಪುಸ್ತಕಭಂಡಾರಕ್ಕೆ ಹೋಗುವುದಕ್ಕೆ ಮೊದಲು ಕೈಯಲ್ಲಿರುವ ಮೊಬೈಲ್ ಫೋನನ್ನು ನೋಡುವುದು ಈಗ ರೂಢಿಯಾಗಿದೆ. ಇದನ್ನು ಆಕ್ಷೇಪಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ತೆರೆಯ ಮೇಲೆ ಮೂಡುವ ಆ ತೇದಿ ಎಲ್ಲಿಂದ ಬಂದಿತು, ಯಾವ ರೂಪದಲ್ಲಿ ಬಂದಿತು, ಬಂದುದನ್ನು ಆಪ್ ಯಾವ ಕ್ರಮದಿಂದ ಬಿಡಿಸಿ ಓದಿತು, ಆ ಓದು ಎಲ್ಲೆಲ್ಲಿ ಎಡವಬಹುದು ಎಂಬಿಷ್ಟನ್ನು ವಿಚಾರಮಾಡುವುದೇ ನಮ್ಮ ಉದ್ದೇಶ. ಶಾಸನದ ಪಾಠವನ್ನು ಬಳಸಿಕೊಳ್ಳುವವನಿಗೆ ಅದನ್ನು ಓದಿದವರ ಕ್ರಮವೇನೆಂಬುದು ಹೇಗೆ ತಿಳಿದಿರಬೇಕೋ ಹಾಗೆಯೇ ಯಂತ್ರದ ಓದನ್ನು ಬಳಸುವವನಿಗೂ ಆ ಓದಿನ ಕ್ರಮ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ವಿಷಯವನ್ನು ಸಾಮಾನ್ಯವಾಗಿ ಹೇಳುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ನೋಡುವುದು ಲೇಸು. ವಿಕಿಪೀಡಿಯದ ಸೋದರಯೋಜನೆಯಾಗಿ 2012ರ ಅಕ್ಟೋಬರಿನಲ್ಲಿ ಪ್ರಾರಂಭವಾದ ವಿಕಿಡೇಟಾ ಎಂಬ ಜ್ಞಾನಕೋಶವುಂಟು. ಇದರಲ್ಲಿ ಗದ್ಯರೂಪದ ಲೇಖನಗಳಿಲ್ಲ. ಪ್ರತಿಯೊಂದು ವಸ್ತುವಿಗೂ, ವ್ಯಕ್ತಿಗೂ, ಘಟನೆಗೂ ಒಂದು ಸಂಖ್ಯೆ; ಆ ಸಂಖ್ಯೆಯ ಕೆಳಗೆ ಬಿಡಿಬಿಡಿಯಾದ ಹೇಳಿಕೆಗಳು. ಹುಟ್ಟಿದ ದಿನ, ಸತ್ತ ದಿನ, ಸ್ಥಾಪನೆಯ ಕಾಲ ಮೊದಲಾದ ಗುಣಗಳಿಗೂ ಪ್ರತ್ಯೇಕ ಸಂಖ್ಯೆಗಳಿವೆ. ಯಾರು ಬೇಕಾದರೂ ಇದನ್ನು ತಿದ್ದಬಹುದು; ಯಾರ ಆಪ್ ಬೇಕಾದರೂ ಹಣ ಕೊಡದೆ ಇದರಿಂದ ದತ್ತಾಂಶವನ್ನು ತರಿಸಿಕೊಳ್ಳಬಹುದು. ಹೀಗೆ ಮನುಷ್ಯರು ಓದುವುದಕ್ಕಲ್ಲದೆ ಇನ್ನೊಂದು ಯಂತ್ರ ಓದುವುದಕ್ಕೆಂದೇ ಜಾಲದ ಮೂಲಕ ಒದಗಿಸುವ ವ್ಯವಸ್ಥೆಗೆ ಜಾಲಸೇವೆ ಎಂದು ಹೆಸರು.

ಆಪ್ ಈ ಸೇವೆಯನ್ನು ಕೇಳುವ ಬಗೆ, ಪ್ರಾಚ್ಯ ಪತ್ರಾಗಾರದಲ್ಲಿ ಕುಳಿತ ಸಂಶೋಧಕನು ಚೀಟಿ ಬರೆದು ಕಡತವನ್ನು ತರಿಸುವ ಬಗೆಗೆ ಬಹುಮಟ್ಟಿಗೆ ಸಮಾನವಾದುದು. ಚೀಟಿಯಲ್ಲಿ ಕಡತದ ಸಂಖ್ಯೆ ಇರುವಂತೆ ಬೇಡಿಕೆಯಲ್ಲಿ ವಸ್ತುವಿನ ವಿಳಾಸವಿರುತ್ತದೆ. ಅದರೊಡನೆ ಉತ್ತರವು ಯಾವ ರೂಪದಲ್ಲಿ ಬೇಕು, ಕೇಳುತ್ತಿರುವ ಆಪ್ ಯಾವುದು ಎಂಬ ಶಿರೋಲೇಖಗಳಿರುತ್ತವೆ. ಕೇಳುವವರು ತಮ್ಮ ಗುರುತನ್ನು ಸ್ಪಷ್ಟವಾಗಿ ಹೇಳಬೇಕೆಂಬುದು ವಿಕಿಡೇಟಾವನ್ನು ನಡೆಸುವ ವಿಕಿಮೀಡಿಯಾ ಪ್ರತಿಷ್ಠಾನದ ನಿಯಮ. ಪ್ರತಿಯಾಗಿ ಸರ್ವರಿನಿಂದ ಮೊದಲು ಒಂದು ಸ್ಥಿತಿಸಂಖ್ಯೆ, ಅನಂತರ ಶಿರೋಲೇಖಗಳು, ಕೊನೆಗೆ ಉತ್ತರದ ಒಡಲು ಬರುತ್ತವೆ. 200 ಎಂದರೆ ಕೇಳಿದ್ದು ದೊರೆಯಿತು. 404 ಎಂದರೆ ಅಂಥದೊಂದಿಲ್ಲ. 429 ಎಂದರೆ ಮಿತಿಮೀರಿ ಕೇಳುತ್ತಿದ್ದೀರಿ. 503 ಎಂದರೆ ಸದ್ಯಕ್ಕೆ ಸೇವೆ ಒದಗದು. ಈ ಸಂಖ್ಯೆಯನ್ನು ನೋಡದೆ ನೇರವಾಗಿ ಒಡಲನ್ನೇ ಓದತೊಡಗುವ ಆಪ್‌ಗಳು ವಿರಳವಲ್ಲ. ಅಂಥವು ‘ಕಡತ ಸಿಕ್ಕಲಿಲ್ಲ’ ಎಂಬ ಗುಮಾಸ್ತರ ಒಕ್ಕಣೆಯನ್ನೇ ಕಡತವೆಂದು ಓದುತ್ತವೆ.

ಕೇಳುವುದಕ್ಕೂ ಉತ್ತರ ಬರುವುದಕ್ಕೂ ನಡುವೆ ಕಾಲ ಹಿಡಿಯುತ್ತದಷ್ಟೆ. ಆ ಹೊತ್ತಿನಲ್ಲಿ ತೆರೆಯನ್ನು ನೋಡಿಕೊಳ್ಳುವ ಮುಖ್ಯ ಕಾರ್ಯಧಾರೆ ಕಾಯುತ್ತ ನಿಂತರೆ ಫೋನು ಮರಗಟ್ಟಿದಂತಾಗುವುದು. ಆದಕಾರಣ 2011ರಲ್ಲಿ ಬಂದ ಆಂಡ್ರಾಯ್ಡ್ 3.0 ಆವೃತ್ತಿಯಿಂದ ಈಚೆಗೆ, ಮುಖ್ಯ ಕಾರ್ಯಧಾರೆಯಲ್ಲಿ ಜಾಲವನ್ನು ಸಂಪರ್ಕಿಸುವುದನ್ನು ದೋಷವೆಂದೇ ಎಣಿಸಿ ಆಪ್ ಅನ್ನು ನಿಲ್ಲಿಸಲಾಗುತ್ತದೆ. ಬೇಡಿಕೆಯನ್ನು ಹಿನ್ನೆಲೆಯಲ್ಲಿ ಕಳುಹಿಸಿ, ಉತ್ತರ ಬಂದ ಮೇಲೆ ಅದನ್ನು ತೆರೆಗೆ ಒಪ್ಪಿಸುವ ಸಲಕರಣೆಗಳು ಕಾಟ್ಲಿನ್, ಸ್ವಿಫ್ಟ್ ಭಾಷೆಗಳೆರಡರಲ್ಲಿಯೂ ಇವೆ. ಇದು ಯಂತ್ರಕುಶಲರ ವಿಷಯವಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ಇನ್ನು ಉತ್ತರದ ಒಡಲು. 1998ರಲ್ಲಿ ಮಾನಕವಾಗಿ ಸ್ವೀಕೃತವಾದ ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮವು ಜಾಲಸೇವೆಗಳಲ್ಲಿ ಕೆಲವು ಕಾಲ ಪ್ರಧಾನವಾಗಿದ್ದಿತು. ತರುವಾಯ ಡಗ್ಲಸ್ ಕ್ರಾಕ್‌ಫರ್ಡ್ ಅವರು ಪ್ರಚುರಪಡಿಸಿದ ಜೇಸನ್ ಎಂಬ ಸರಳತರವಾದ ಕ್ರಮವು ಮುಂದೆ ಬಂದಿತು. ಜೇಸನ್‌ನಲ್ಲಿ ಹೇಳಬಹುದಾದುವು ಕೆಲವೇ: ಹೆಸರು-ಬೆಲೆಗಳ ಜೋಡಿಗಳ ಕಟ್ಟು, ಸಾಲಾಗಿರುವ ಪಟ್ಟಿ, ಅಕ್ಷರಮಾಲೆ, ಸಂಖ್ಯೆ, ಹೌದು-ಅಲ್ಲ ಎಂಬ ಎರಡು ಮಾತು, ಮತ್ತು ಶೂನ್ಯಸೂಚಕವಾದ ಒಂದು ಪದ. ಹೀಗೆ ಹೆಣೆದು ಬಂದ ಉದ್ದನೆಯ ಅಕ್ಷರಮಾಲೆಯನ್ನು ಬಿಡಿಸಿ, ಯಾವುದು ಯಾವುದಕ್ಕೆ ಸೇರಿದ್ದೆಂದು ನಿರ್ಣಯಿಸುವುದೇ ಪಾರ್ಸಿಂಗ್. ಹಳಗನ್ನಡ ಪದ್ಯವನ್ನು ಓದಿಸುವಾಗ ನಾವು ಪದವಿಭಾಗ ಮಾಡಿ ಅನ್ವಯ ಹೇಳುವುದಿಲ್ಲವೆ? ಅದನ್ನೇ ಯಂತ್ರವು ಇಲ್ಲಿ ಮಾಡುತ್ತದೆ. ಆದರೆ ಸಂದರ್ಭಜ್ಞಾನವಿಲ್ಲದೆ ಮಾಡುತ್ತದೆ. ವಾಚಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಜೇಸನ್‌ನಲ್ಲಿ ‘ತೇದಿ’ ಎಂಬ ಜಾತಿಯೇ ಇಲ್ಲ. ತೇದಿಗಳೆಲ್ಲ ಅಕ್ಷರಮಾಲೆಯ ವೇಷದಲ್ಲಿ ಪ್ರಯಾಣಮಾಡುತ್ತವೆ. ಇಳಿದ ಮೇಲೆ ಅವಕ್ಕೆ ಅರ್ಥವನ್ನು ಕೊಡುವ ಭಾರ ಆಪ್‌ನದು.

ಅರ್ಥಕ್ಕೆ ಹೋಗುವುದಕ್ಕೆ ಮೊದಲು ಅಕ್ಷರದ ಮಾತು ಒಂದುಂಟು. ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಜಾಲದಲ್ಲಿ ಸಾಗುವಾಗ ಅದು ಯುಟಿಎಫ್-8 ಕ್ರಮದಂತೆ 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ಉತ್ತರವು ತುಂಡುತುಂಡಾಗಿ ಬರುವುದರಿಂದ ಒಂದು ತುಂಡು 178ರ ಬಳಿಯೇ ಮುಗಿಯಬಹುದು. ಪ್ರತಿಯೊಂದು ತುಂಡನ್ನೂ ಬೇರೆಬೇರೆಯಾಗಿ ಅಕ್ಷರಕ್ಕೆ ತಿರುಗಿಸುವ ಆಪ್‌ನಲ್ಲಿ ಆಗ ‘ಕ’ ನಾಶವಾಗಿ ಆ ಸ್ಥಳದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ನಿಲ್ಲುವುವು. ಇಂಗ್ಲಿಷ್ ಅಕ್ಷರಗಳು ಒಂದೊಂದೇ ಬೈಟಿನವಾದುದರಿಂದ, ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಬೈಟುಗಳನ್ನೆಲ್ಲ ಕೂಡಿಹಾಕಿ ಅನಂತರ ತಿರುಗಿಸುವುದು ಸುಲಭವಾದ ಪರಿಹಾರ.

ವಿಕಿಡೇಟಾದ ಉತ್ತರದಲ್ಲಿ ಒಂದು ಸ್ಥಾಪನೆಯ ಕಾಲವನ್ನು ಮುಟ್ಟಬೇಕಾದರೆ ಹಲವು ಬಾಗಿಲುಗಳನ್ನು ದಾಟಬೇಕು: ವಸ್ತುವಿನ ಸಂಖ್ಯೆ, ಅದರ ಹೇಳಿಕೆಗಳು, ಅವುಗಳಲ್ಲಿ ಸ್ಥಾಪನೆಯನ್ನು ಸೂಚಿಸುವ 571ನೆಯ ಗುಣ, ಆ ಗುಣದ ಕೆಳಗಿನ ಪಟ್ಟಿ, ಪಟ್ಟಿಯ ಒಂದು ಅಂಶ, ಕಡೆಗೆ ಬೆಲೆ. ಇವುಗಳಲ್ಲಿ ಯಾವುದಾದರೂ ಇಲ್ಲದಿರಬಹುದು. ಕನ್ನಡದ ಹೆಸರು ಇನ್ನೂ ಸೇರದಿರಬಹುದು. ಆಗ ಬೇರೊಂದು ಭಾಷೆಯ ಹೆಸರನ್ನು ತೋರಿಸಬೇಕು. ಬೆಲೆಯ ವಿಷಯದಲ್ಲಂತೂ ಮೂರು ಸ್ಥಿತಿಗಳನ್ನು ಅಲ್ಲಿ ಬೇರೆಬೇರೆಯಾಗಿ ಗುರುತಿಸಿದ್ದಾರೆ: ಬೆಲೆ ಇದೆ, ಬೆಲೆ ಇದೆಯಾದರೂ ಏನೆಂದು ತಿಳಿಯದು, ಬೆಲೆಯೇ ಇಲ್ಲ. ಒಬ್ಬ ಕವಿಯ ಮರಣಕಾಲ ತಿಳಿಯದಿರುವುದು ಬೇರೆ, ಒಬ್ಬ ಅರಸನಿಗೆ ಮಕ್ಕಳೇ ಇಲ್ಲದಿರುವುದು ಬೇರೆ. ಈ ಭೇದವನ್ನು ಅಲ್ಲಿ ಪಾಲಿಸಿರುವುದು ನಮಗೆ ಬಹಳ ಒಪ್ಪುವ ಸಂಗತಿ. ಆದರೆ ಕೊನೆಯ ಎರಡು ಸ್ಥಿತಿಗಳಲ್ಲಿಯೂ ಬೆಲೆಯ ಕಟ್ಟು ಇರುವುದಿಲ್ಲವಾಗಿ, ಅದು ಇದ್ದೇ ಇರುತ್ತದೆಂದು ಭಾವಿಸಿ ಬರೆದ ಆಪ್ ಅಲ್ಲಿಯೇ ಕುಸಿಯುತ್ತದೆ. ಅಥವಾ ಎರಡನ್ನೂ ಒಂದೇ ಖಾಲಿ ಸ್ಥಳವಾಗಿ ತೋರಿಸಿ ಭೇದವನ್ನು ಅಳಿಸಿಬಿಡುತ್ತದೆ.

ಬೆಲೆ ಇದ್ದಾಗ ಅದರ ರೂಪವನ್ನು ನೋಡೋಣ. ವಿಜಯನಗರದ ಸ್ಥಾಪನೆಯ ವರ್ಷವೆಂದು ರೂಢಿಯಲ್ಲಿರುವ 1336ನ್ನು ಈ ಕ್ರಮದಲ್ಲಿ ಬರೆಯುವಾಗ, ವರ್ಷದ ಮುಂದೆ ತಿಂಗಳ ಸ್ಥಾನದಲ್ಲಿ 00, ದಿನದ ಸ್ಥಾನದಲ್ಲಿಯೂ 00 ಇರಬಹುದು. ತಿಂಗಳೂ ದಿನವೂ ಹೇಳಲ್ಪಟ್ಟಿಲ್ಲವೆಂದು ಅದರ ತಾತ್ಪರ್ಯ. ಇದನ್ನು ಜಾವಾ ಭಾಷೆಯ ಹೊಸ ಕಾಲಗಣನೆಯ ಸಲಕರಣೆಗೆ ಕೊಟ್ಟರೆ ಸೊನ್ನೆಯ ತಿಂಗಳಿಲ್ಲವೆಂದು ನಿರಾಕರಿಸುತ್ತದೆ. ಹಳೆಯ ಸಲಕರಣೆಯಾದರೋ ಉದಾರಸ್ವಭಾವದ್ದು. ಸೊನ್ನೆಯ ತಿಂಗಳೆಂದರೆ ಜನವರಿಗೆ ಹಿಂದಿನದು, ಅಂದರೆ 1335ರ ಡಿಸೆಂಬರ್. ಆ ಡಿಸೆಂಬರಿನ ಸೊನ್ನೆಯ ದಿನವೆಂದರೆ ಅದರ ಮೊದಲ ದಿನಕ್ಕೆ ಹಿಂದಿನದು ಎಂದು ಲೆಕ್ಕಹಾಕಿ, 1335ರ ನವೆಂಬರ್ 30 ಎಂದು ಉತ್ತರಕೊಡುತ್ತದೆ. ಯಾವ ಶಾಸನವೂ ಹೇಳದ, ಯಾವ ವಿದ್ವಾಂಸನೂ ಊಹಿಸದ ಒಂದು ತೇದಿ, ದಿನದ ಮಟ್ಟಿನ ನಿಖರತೆಯ ಸೋಗಿನೊಡನೆ ಹೀಗೆ ಹುಟ್ಟುತ್ತದೆ. ನಿರಾಕರಿಸುವ ಸಲಕರಣೆ ಒದಗಿಸುವ ಕ್ಷೇಮ ಉದಾರವಾದುದರಲ್ಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇದನ್ನು ತಪ್ಪಿಸುವ ಸಾಧನ ಅದೇ ಬೆಲೆಯ ಒಳಗೇ ಇದೆ. ತೇದಿಯ ಜೊತೆಗೆ ನಿಖರತೆಯ ಅಂಕಿಯೊಂದನ್ನು ಕೊಟ್ಟಿರುತ್ತಾರೆ: 11 ಎಂದರೆ ದಿನದವರೆಗೆ ಖಚಿತ, 10 ತಿಂಗಳವರೆಗೆ, 9 ವರ್ಷದವರೆಗೆ, 8 ದಶಕದವರೆಗೆ, 7 ಶತಮಾನದವರೆಗೆ. ಲಿಪಿಲಕ್ಷಣದ ಆಧಾರದಿಂದ ಹದಿನಾರನೆಯ ಶತಮಾನದ್ದೆಂದು ನಿರ್ಣಯಿಸಿದ ಒಂದು ಶಾಸನದ ಕಾಲವನ್ನು 1600 ಎಂದು ಬರೆದು ನಿಖರತೆ 7 ಎಂದು ಗುರುತುಮಾಡಬಹುದು. ಆಪ್ ಆ ಅಂಕಿಯನ್ನು ಓದದೆ ಹೋದರೆ ವಿದ್ಯಾರ್ಥಿಯು ‘ಕ್ರಿ.ಶ. 1600’ ಎಂದು ಟಿಪ್ಪಣಿ ಬರೆದುಕೊಳ್ಳುತ್ತಾನೆ. ಸುಮಾರು ಎಂಬ ಒಂದು ಮಾತಿಗಾಗಿ ಶಾಸನಶಾಸ್ತ್ರಜ್ಞರು ಎಷ್ಟು ವಾದಮಾಡಿದ್ದಾರೆಂಬುದನ್ನು ಬಲ್ಲವರಿಗೆ ಈ ನಷ್ಟದ ಪ್ರಮಾಣ ತಿಳಿಯದಿರದು.

ಪಂಚಾಂಗದ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ರಕ್ಕಸತಂಗಡಿಯ ಯುದ್ಧಕ್ಕೆ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕೊಡುವ ತೇದಿ 1565ರ ಜನವರಿ 23. ಗ್ರೆಗೋರಿಯನ್ ಪಂಚಾಂಗವು ಜಾರಿಗೆ ಬಂದುದು 1582ರಲ್ಲಾದುದರಿಂದ ಇದು ಜೂಲಿಯನ್ ಪಂಚಾಂಗದ ತೇದಿ. ಗ್ರೆಗೋರಿಯನ್ ಗಣನೆಯನ್ನು ಹಿಂದಕ್ಕೆ ಎಳೆದರೆ ಅದೇ ದಿನ ಫೆಬ್ರವರಿ 2 ಆಗುತ್ತದೆ. ವಿಕಿಡೇಟಾ ಪ್ರತಿಯೊಂದು ತೇದಿಗೂ ಪಂಚಾಂಗವಾವುದೆಂದು ಬರೆಯುತ್ತದೆ. ಆದರೆ ಮೇಲೆ ಹೇಳಿದ ಜಾವಾ ಸಲಕರಣೆಗಳಲ್ಲಿ ಹಳೆಯದು 1582ಕ್ಕೆ ಹಿಂದಿನ ದಿನಗಳನ್ನು ಜೂಲಿಯನ್ ಎಂದೂ ಹೊಸದು ಎಲ್ಲವನ್ನೂ ಗ್ರೆಗೋರಿಯನ್ ಎಂದೂ ತಿಳಿಯುತ್ತವೆ. ಒಂದರಿಂದ ಓದಿ ಇನ್ನೊಂದರಿಂದ ತೋರಿಸಿದರೆ ಯುದ್ಧ ಹತ್ತು ದಿನ ಮುಂದಕ್ಕೆ ಹೋಗುತ್ತದೆ. ಅಲ್ಲದೆ ತೇದಿಯ ಕೊನೆಯಲ್ಲಿ ವಿಶ್ವಕಾಲಮಾನದ ಮಧ್ಯರಾತ್ರಿಯೆಂಬ ಗುರುತಿರುತ್ತದೆ. ಅದು ಬರಿಯ ಅಲಂಕಾರ. ಅದನ್ನು ನಿಜವೆಂದು ಎಣಿಸಿ ಸ್ಥಳೀಯ ಕಾಲಕ್ಕೆ ತಿರುಗಿಸುವ ಆಪ್, ಮೈಸೂರಿನಲ್ಲಿ ಸರಿಯಾಗಿಯೇ 23 ಎಂದು ತೋರಿಸಿ, ನ್ಯೂಯಾರ್ಕಿನ ಕನ್ನಡಿಗರಿಗೆ 22 ಎಂದು ತೋರಿಸುವುದು.

ಕ್ರಿಸ್ತಪೂರ್ವದ ವರ್ಷಗಳಲ್ಲಿ ಮತ್ತೊಂದು ಬಗೆ. ಸೀಸರನ ವಧೆ ನಡೆದ ಕ್ರಿ.ಪೂ. 44ನ್ನು ವಿಕಿಡೇಟಾದ ಜೇಸನ್ ರೂಪದಲ್ಲಿ ಋಣ 44 ಎಂದು ಬರೆಯುತ್ತಾರೆ. ಅದೇ ಭಂಡಾರವು ಒದಗಿಸುವ ಆರ್‌ಡಿಎಫ್ ಎಂಬ ಇನ್ನೊಂದು ರೂಪದಲ್ಲಿ ಖಗೋಳಶಾಸ್ತ್ರದ ಕ್ರಮದಂತೆ ಸೊನ್ನೆಯ ವರ್ಷವೊಂದನ್ನು ಎಣಿಸುವುದರಿಂದ ಅದು ಋಣ 43 ಆಗುತ್ತದೆ. ಗತ ಶಕವರ್ಷಕ್ಕೆ 78ನ್ನೂ ವರ್ತಮಾನ ಶಕವರ್ಷಕ್ಕೆ 77ನ್ನೂ ಕೂಡಿಸಬೇಕೆಂಬ ಪಾಠವನ್ನು ಕಲಿತ ನಮ್ಮ ವಿದ್ಯಾರ್ಥಿಗಳಿಗೆ ಈ ಒಂದು ವರ್ಷದ ಅಂತರ ಹೊಸದೆನಿಸಲಾರದು. ಆಪ್ ಬರೆಯುವವರಿಗೆ ಹೊಸದು.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ಒಂದು ಗುಣಕ್ಕೆ ಸಿಕ್ಕುವುದು ಪಟ್ಟಿಯೇ ಹೊರತು ಒಂಟಿ ಬೆಲೆಯಲ್ಲವೆಂದು ಮೇಲೆ ಹೇಳಿದೆವು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವ ಕಡೆ ಎರಡು ಮೂರು ತೇದಿಗಳು, ಅವುಗಳ ಆಧಾರಗ್ರಂಥಗಳೊಡನೆ, ಜೊತೆಜೊತೆಯಾಗಿ ಇರಬಹುದು. ಒಂದೊಂದಕ್ಕೂ ಆದ್ಯತೆಯದು, ಸಾಮಾನ್ಯವಾದುದು, ತ್ಯಾಜ್ಯವಾದುದು ಎಂಬ ದರ್ಜೆಯೂ ಉಂಟು. ತ್ಯಾಜ್ಯವಾದುದನ್ನು ಅಳಿಸದೆ ಉಳಿಸಿರುವುದು, ಆ ತಪ್ಪು ಯಾವ ಗ್ರಂಥದಿಂದ ಹರಡಿತೆಂಬುದು ತಿಳಿದಿರಲೆಂದು. ಪಟ್ಟಿಯ ಮೊದಲನೆಯದನ್ನು ಎತ್ತಿಕೊಂಡು ಮುಂದುವರಿಯುವುದು ಆಪ್‌ಗಳಲ್ಲಿ ಬಹುಸಾಮಾನ್ಯವಾದ ಅಭ್ಯಾಸ. ಆ ಮೊದಲನೆಯದು ತ್ಯಾಜ್ಯವಾದುದೇ ಆಗಿರಬಹುದು. ದರ್ಜೆಯನ್ನು ನೋಡಿ ಆರಿಸುವುದು, ಸಮಾನ ದರ್ಜೆಯ ಎರಡಿದ್ದರೆ ಎರಡನ್ನೂ ತೋರಿಸುವುದು, ಆಧಾರವನ್ನು ಕೆಳಗೆ ನಮೂದಿಸುವುದು ಇವು ಹೆಚ್ಚಿನ ಶ್ರಮದ ಕೆಲಸಗಳೇನೂ ಅಲ್ಲ. ಒಮ್ಮೆ ತರಿಸಿದ್ದನ್ನು ಫೋನಿನಲ್ಲಿಯೇ ಉಳಿಸಿಕೊಂಡು ಜಾಲವಿಲ್ಲದಾಗ ತೋರಿಸುವ ಆಪ್‌ಗಳು, ಅದನ್ನು ತರಿಸಿದ ದಿನವನ್ನೂ ತೋರಿಸತಕ್ಕದ್ದು. ಮೂಲವು ಆಮೇಲೆ ತಿದ್ದುಪಾಟಾಗಿರಬಹುದು.

ಈ ಸಂಗತಿಗಳನ್ನು ತರಗತಿಯಲ್ಲಿ ಪ್ರತ್ಯಕ್ಷವಾಗಿ ತೋರಿಸುವುದಕ್ಕೆ ಆಪ್ ಬರೆಯಬೇಕಾದುದಿಲ್ಲ. ವಿಕಿಪೀಡಿಯದ ಯಾವುದಾದರೊಂದು ಲೇಖನದಿಂದ ಅದರ ವಿಕಿಡೇಟಾ ಪುಟಕ್ಕೆ ಹೋಗಿ ವಸ್ತುವಿನ ಸಂಖ್ಯೆಯನ್ನು ಬರೆದುಕೊಂಡು, ಅಲ್ಲಿನ ದತ್ತಾಂಶದ ವಿಶೇಷ ಪುಟದಲ್ಲಿ ಆ ಸಂಖ್ಯೆಯನ್ನು ಕೇಳಿದರೆ, ಆಪ್‌ಗೆ ಬರುವ ಜೇಸನ್ ಯಥಾವತ್ತಾಗಿ ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ತಲಾ ಒಬ್ಬೊಬ್ಬ ಅರಸನನ್ನು ಹಂಚಿ, ಅವನ ತೇದಿಗಳ ನಿಖರತೆ, ಪಂಚಾಂಗ, ದರ್ಜೆ, ಆಧಾರ ಇವನ್ನು ಹುಡುಕಿ ಬರೆಯಲು ಹೇಳಿ, ಅವರ ಫೋನಿನ ಆಪ್ ಅದನ್ನೇ ಹೇಗೆ ತೋರಿಸುತ್ತದೆಂದು ಹೋಲಿಸಲು ಒಂದು ಗಂಟೆಯ ಅವಧಿ ಸಾಕಾಗುತ್ತದೆ.