ರೆಕ್ಕೆ ಕಟ್ಟಿಕೊಂಡ ರೀಲು ಕ್ಯಾಮೆರಾ

ಮಾದರಿ ವಿಮಾನದ ಹೊಟ್ಟೆಯಲ್ಲಿ ರೀಲು ಕ್ಯಾಮೆರಾ ಕೂರಿಸಿ ಆಕಾಶದಿಂದ ಫೋಟೊ ತೆಗೆಯುತ್ತಿದ್ದವರಿಗೆ, ತಾವು ತೆಗೆದದ್ದು ಏನು ಎಂಬುದು ತಿಳಿಯುತ್ತಿದ್ದದ್ದು ಸ್ಟುಡಿಯೊದವರು ರೀಲು ತೊಳೆದು ಪ್ರಿಂಟು ಹಾಕಿಕೊಟ್ಟ ಮೇಲೆಯೇ. ಕ್ಯಾಮೆರಾ ನೂರು ಮೀಟರ್ ಮೇಲೆ, ಗುಂಡಿ ಒತ್ತುವವರು ನೆಲದ ಮೇಲೆ, ನೋಡಿಕೊಳ್ಳಲು ಪರದೆಯಂತೂ ಇಲ್ಲ. ಮದುವೆ ಛತ್ರದ ಮೇಲೆ ಡ್ರೋನ್ ಹಾರಿಸುವ ಇಂದಿನ ಹುಡುಗರಿಗೆ ಇದು ಕುರುಡಾಟ ಅನ್ನಿಸೀತು. ಅಮೆರಿಕ, ಯುರೋಪುಗಳ ವಿಮಾನ ಹವ್ಯಾಸಿಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಈ ಕುರುಡಾಟವನ್ನೇ ಲೆಕ್ಕಾಚಾರದ ಕಸುಬಾಗಿ ಬೆಳೆಸಿದ್ದರು.

ಮನುಷ್ಯರು ಕೆಳಗೇ ಉಳಿದು ಕ್ಯಾಮೆರಾವನ್ನಷ್ಟೇ ಮೇಲೆ ಕಳಿಸುವ ಆಸೆ ಹಳೆಯದು. 1858ರಲ್ಲಿ ಪ್ಯಾರಿಸ್ಸಿನ ನಾದಾರ್ ತಾವೇ ಬಲೂನು ಹತ್ತಿ ಫೋಟೊ ತೆಗೆದಿದ್ದರು. 1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಥರ್ ಬಟು ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ, ನಿಧಾನವಾಗಿ ಉರಿಯುವ ಬತ್ತಿಯಿಂದ ಶಟರ್ ಬಿಡಿಸಿದರು. ಜರ್ಮನಿಯ ಔಷಧ ವ್ಯಾಪಾರಿ ಯೂಲಿಯಸ್ ನ್ಯೂಬ್ರೋನರ್ ಪಾರಿವಾಳದ ಎದೆಗೆ ಪುಟ್ಟ ಕ್ಯಾಮೆರಾ ಬಿಗಿದು 1908ರಲ್ಲಿ ಪೇಟೆಂಟ್ ಪಡೆದರು. ಬತ್ತಿ ಉರಿದು ಮುಗಿದಾಗ ಒಂದು ಫೋಟೊ, ಪಾರಿವಾಳ ಹೋದತ್ತ ಇನ್ನೊಂದು. ಬೇಕೆಂದ ಕ್ಷಣಕ್ಕೆ ಕ್ಲಿಕ್ಕಿಸುವ ಅಧಿಕಾರ ಇಬ್ಬರಿಗೂ ಇರಲಿಲ್ಲ. ಅದನ್ನು ಕೊಟ್ಟದ್ದು ರೇಡಿಯೊ. ಅಮೆರಿಕದ ಮಿಷಿಗನ್‌ನ ಗುಡ್ ಸಹೋದರರು ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಹಾರಿಸಿದ್ದು 1937ರಲ್ಲಿ. ಆದರೂ ಕ್ಯಾಮೆರಾ ಹಗುರಾಗಿ, ರೀಲನ್ನು ತಾನೇ ಮುಂದಕ್ಕೆ ಸುತ್ತಿಕೊಳ್ಳುವಂತಾಗುವವರೆಗೆ ಒಂದು ಹಾರಾಟಕ್ಕೆ ಒಂದೇ ಫೋಟೊ ಎಂಬ ಬಡತನ ತಪ್ಪಲಿಲ್ಲ. 1997ರಲ್ಲಿ ಬಂದ ಒಲಿಂಪಸ್ ಮ್ಯೂ-2 ಬ್ಯಾಟರಿ ಬಿಟ್ಟರೆ ಬರೀ 135 ಗ್ರಾಂ ತೂಗುತ್ತಿತ್ತು. ರೀಲು ಸುತ್ತಲು ಅದರೊಳಗೇ ಮೋಟಾರು, ಶಟರ್ ವೇಗ 1/1000 ಸೆಕೆಂಡಿನವರೆಗೆ.

ಗುಂಡಿ ಒತ್ತುವ ಬೆರಳೆಂದರೆ ಸರ್ವೊ, ಅಂದರೆ ಗೇರು ಜೋಡಿಸಿದ ಬೆಂಕಿಪೊಟ್ಟಣದಷ್ಟು ಮೋಟಾರು. ವಿಮಾನ ಹಾರಿಸಲು ನಾಲ್ಕು ಚಾನೆಲ್ ಸಾಕು. ಗಾಲಿ ಮಡಚಲೆಂದು ಟ್ರಾನ್ಸ್‌ಮಿಟರಿನಲ್ಲಿ ಇಟ್ಟಿರುವ ಐದನೆಯ ಚಾನೆಲ್ಲನ್ನು ಕ್ಯಾಮೆರಾಕ್ಕೆ ಕೊಟ್ಟರಾಯಿತು. ಸ್ವಿಚ್ ತಿರುವಿದೊಡನೆ ಸರ್ವೊದ ತೋಳು ಶಟರ್ ಗುಂಡಿಯ ಮೇಲೆ ಬಂದು ಕೂರುತ್ತದೆ. ಕಲಿಯುವವರಿಗೆಂದೇ ಮಾಡಿದ, ರೆಕ್ಕೆ ಬೆನ್ನ ಮೇಲಿರುವ ಟ್ರೇನರ್ ವಿಮಾನವೇ ಇದಕ್ಕೆ ಲೇಸು. ನಿಧಾನ, ಸ್ಥಿರ, ಹೊಟ್ಟೆ ಖಾಲಿ. ಕ್ಯಾಮೆರಾ ಕೂರಬೇಕಾದದ್ದು ಸರಿಯಾಗಿ ತೂಕದ ಕೇಂದ್ರದಲ್ಲಿ; ಮೂತಿಗೋ ಬಾಲಕ್ಕೋ ಕಟ್ಟಿದರೆ ವಿಮಾನ ಮಾತು ಕೇಳುವುದಿಲ್ಲ. ಓರೆ ನೋಟ ಬೇಕೆಂದರೆ ಎಡಗಡೆಗೆ ಕಿಟಕಿ ಕೊರೆಯಬೇಕು. ಮೆಥನಾಲ್ ಇಂಜಿನ್ನಿನ ಹೊಗೆಕೊಳವೆ ಸಾಮಾನ್ಯವಾಗಿ ಬಲಗಡೆಗಿರುತ್ತದೆ, ಅದು ಉಗುಳುವ ಹರಳೆಣ್ಣೆ ಲೆನ್ಸಿಗೆ ಮೆತ್ತಿಕೊಂಡರೆ ಇಡೀ ರೀಲು ಹಾಳು.

ಓಡುವ ವಿಮಾನದಿಂದ ತೆಗೆದರೆ ಫೋಟೊ ಮಸುಕಾಗುವುದಿಲ್ಲವೇ ಎಂದು ಕೇಳದವರಿಲ್ಲ. ಲೆಕ್ಕ ಹಾಕಿ ನೋಡೋಣ. 35 ಮಿಲಿಮೀಟರ್ ಲೆನ್ಸು, 100 ಮೀಟರ್ ಎತ್ತರ, ಸೆಕೆಂಡಿಗೆ 12 ಮೀಟರ್ ವೇಗ, ಶಟರ್ 1/500. ಅಷ್ಟು ಹೊತ್ತಿನಲ್ಲಿ ವಿಮಾನ ಮುಂದೆ ಹೋಗುವುದು 2.4 ಸೆಂಟಿಮೀಟರ್, ಫಿಲ್ಮಿನ ಮೇಲೆ ಚಿತ್ರ ಸರಿಯುವುದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಕಣ್ಣಿಗೆ ಗೊತ್ತೇ ಆಗದು. ಅದೇ ವಿಮಾನ ಸೆಕೆಂಡಿಗೆ 30 ಡಿಗ್ರಿಯಂತೆ ಮಗ್ಗುಲು ವಾಲುತ್ತಿದ್ದರೆ ಚಿತ್ರ ಅದರ ನಾಲ್ಕರಷ್ಟಕ್ಕೂ ಮಿಕ್ಕಿ ಸರಿಯುತ್ತದೆ, ಪ್ರಿಂಟಿನಲ್ಲಿ ಎದ್ದು ಕಾಣುತ್ತದೆ. ಕೆಡಿಸುವುದು ಓಟವಲ್ಲ, ವಾಲಾಟ. ಅದರ ಜೊತೆಗೆ ಇಂಜಿನ್ನಿನ ನಡುಕ: ನಿಮಿಷಕ್ಕೆ ಹತ್ತು ಸಾವಿರ ಸುತ್ತು ಎಂದರೆ ಸೆಕೆಂಡಿಗೆ ನೂರರವತ್ತಕ್ಕೂ ಹೆಚ್ಚು ಕುಲುಕು.

ಹಾಗಾಗಿ ನನ್ನ ಮಟ್ಟಿಗೆ ಈ ಕಸುಬಿನ ಜೀವಾಳ ಕ್ಯಾಮೆರಾ ಅಲ್ಲ, ಅದರ ಕೆಳಗಿನ ಸ್ಪಂಜು. ಸ್ಕ್ರೂ ಹಾಕಿ ಬಿಗಿದಷ್ಟೂ ನಡುಕ ನೇರವಾಗಿ ಲೆನ್ಸಿಗೆ. ಬಲ್ಲವರು ಕ್ಯಾಮೆರಾವನ್ನು ಮೆತ್ತನೆಯ ಸ್ಪಂಜಿನ ನಡುವೆ ಇಟ್ಟು ರಬ್ಬರ್ ಬ್ಯಾಂಡಿನಲ್ಲಿ ಹಿಡಿಸುತ್ತಾರೆ. ಗುರಿ ಹತ್ತಿರ ಬಂದಾಗ ರೆಕ್ಕೆ ಸಮ ಮಾಡಿ, ಇಂಜಿನ್ ಇಳಿಸಿ, ವಿಮಾನ ತೇಲಿಕೊಂಡು ಜಾರುವ ಹೊತ್ತಿನಲ್ಲಿ ಕ್ಲಿಕ್ಕಿಸುತ್ತಾರೆ. 400 ಐಎಸ್‌ಒ ರೀಲು, ಒಳ್ಳೆಯ ಬಿಸಿಲು ಇದ್ದರೆ 1/500 ಶಟರ್ ಸಲೀಸು.

ಕಾಣದ ಚೌಕಟ್ಟನ್ನು ಊಹಿಸುವುದು ಹೇಗೆ? ಅದೂ ಲೆಕ್ಕವೇ. ಒಂದೂವರೆ ಮೀಟರ್ ರೆಕ್ಕೆ ನೂರು ಮೀಟರ್ ಮೇಲಿದ್ದಾಗ, ಚಾಚಿದ ಕೈಯ ಕಿರುಬೆರಳ ಉಗುರಿನಷ್ಟು ಅಗಲ ಕಾಣುತ್ತದೆ. ಆ ಎತ್ತರದಿಂದ ನೇರ ಕೆಳಗೆ ನೋಡುವ 35 ಮಿಲಿಮೀಟರ್ ಲೆನ್ಸು ಸುಮಾರು 103 ಮೀಟರ್ ಉದ್ದ, 69 ಮೀಟರ್ ಅಗಲದ ನೆಲವನ್ನು ಹಿಡಿಯುತ್ತದೆ. ಚೌಕಟ್ಟಿನ ಗಿಡ್ಡ ಬದಿ ಹಾರುವ ದಿಕ್ಕಿಗಿದ್ದು ಎರಡು ಸೆಕೆಂಡಿಗೊಮ್ಮೆ ಕ್ಲಿಕ್ಕಿಸಿದರೆ, ಒಂದು ಫೋಟೊದ ಮೂರರಲ್ಲಿ ಎರಡು ಪಾಲು ಮುಂದಿನದರಲ್ಲೂ ಬರುತ್ತದೆ. ಅಂಥ ಜೋಡಿಯನ್ನು ಸ್ಟೀರಿಯೊಸ್ಕೋಪಿನಲ್ಲಿ ನೋಡಿದರೆ ದಿಬ್ಬ, ಹಳ್ಳ ಎದ್ದು ನಿಲ್ಲುತ್ತವೆ. ಗುರಿಯ ಹತ್ತಿರ ಒಬ್ಬ ಜೊತೆಗಾರ ನಿಂತು, ವಿಮಾನ ನೆತ್ತಿಗೆ ಬಂತೆಂದು ಕೂಗಬೇಕಾಗುವುದೂ ಉಂಟು.

ಅಪಾಯ ಬರುತ್ತಿದ್ದದ್ದು ಬೇರೆ ಕಡೆಯಿಂದ. ಒಂದೇ ತರಂಗಾಂತರದಲ್ಲಿ ಇನ್ನೊಬ್ಬರು ಟ್ರಾನ್ಸ್‌ಮಿಟರ್ ಹಾಕಿದರೆ ಮುಗಿಯಿತು, ಕ್ಯಾಮೆರಾ ಸಮೇತ ವಿಮಾನ ನೆಲಕ್ಕೆ. ಅದಕ್ಕೇ ಕ್ಲಬ್ಬುಗಳ ಮೈದಾನದಲ್ಲಿ ಒಂದು ಹಲಗೆ ಇರುತ್ತಿತ್ತು. ತಮ್ಮ ತರಂಗಾಂತರದ ಬಟ್ಟೆ ಕ್ಲಿಪ್ಪು ಕೈಗೆ ಸಿಗದೆ ಯಾರೂ ಟ್ರಾನ್ಸ್‌ಮಿಟರ್ ಹಾಕುವಂತಿರಲಿಲ್ಲ. 2.4 ಗಿಗಾಹರ್ಟ್ಸ್ ರೇಡಿಯೊ ಬಂದ ಮೇಲೆ ಆ ತಾಪತ್ರಯ ಹೋಯಿತು. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾವೂ ಬಂದು, ರೀಲೇ ಮೂಲೆ ಸೇರತೊಡಗಿತ್ತು.

ಈಗ ರೀಲಿನ ಮೋಹ ಮತ್ತೆ ಹತ್ತಿರುವ ಯುವಕ, ಯುವತಿಯರು ಇದಕ್ಕೂ ಕೈ ಹಾಕಬಹುದು. ವಿಮಾನ ಕಟ್ಟುವುದನ್ನು ಕಲಿಯಲು ಎನ್‌ಸಿಸಿ ಏರ್ ವಿಂಗ್ ಒಳ್ಳೆಯ ದಾರಿ, ಅಲ್ಲಿ ಏರೋಮಾಡೆಲಿಂಗ್ ತರಬೇತಿಯ ಭಾಗ. ಆದರೆ 2021ರ ಡ್ರೋನ್ ನಿಯಮಗಳಿಗೆ ರೀಲು, ಡಿಜಿಟಲ್ ಎಂಬ ಭೇದವಿಲ್ಲ. ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ನೋಡಿಕೊಳ್ಳಿ. ಅಲ್ಲಿ ಮಿತಿ 400 ಅಡಿ. ಜನ ಸೇರಿರುವ ಕಡೆ ಬೇಡವೇ ಬೇಡ. ಮೊದಲ ಹಾರಾಟಗಳಲ್ಲಿ ಕ್ಯಾಮೆರಾದ ಬದಲು ಅಷ್ಟೇ ತೂಕದ ಮರದ ತುಂಡು ಕಟ್ಟಿ. ಸೆಕೆಂಡ್ ಹ್ಯಾಂಡ್ ಮ್ಯೂ-2 ಈಗ ಅಗ್ಗಕ್ಕೆ ಸಿಗುವ ಮಾಲಲ್ಲ.