ಅರಬೈಲು ಘಟ್ಟದ ಇಳಿಜಾರು ಮತ್ತು ಬ್ರೇಕಿನ ಪ್ಯಾಡು

ಹುಬ್ಬಳ್ಳಿಯಿಂದ ಅಂಕೋಲೆಗೆ ಬರುವ ಹೆದ್ದಾರಿಯಲ್ಲಿ ಯಲ್ಲಾಪುರವನ್ನು ದಾಟಿದ ಬಳಿಕ ಅರಬೈಲು ಘಟ್ಟವು ಎದುರಾಗುತ್ತದೆ. ಘಟ್ಟವಿಳಿದು ನಿಂತ ಗಾಡಿಯ ಚಕ್ರಗಳ ಬಳಿ ಕೆಲವೊಮ್ಮೆ ಸುಟ್ಟ ರಾಳದಂಥ ಘಾಟು ಮೂಗಿಗೆ ಹೊಡೆಯುವುದುಂಟು. ಅದರ ಅರ್ಥವನ್ನು ಬಲ್ಲವನು ಕೂಡಲೆ ಮುಂದೆ ಹೊರಡಲಾರನು.

ಒಮ್ಮೆ ನಾನು ಅಂಥ ಪಿಕಪ್ ಗಾಡಿಯೊಂದರಲ್ಲಿದ್ದೆನು. ಹಿಂದೆ ಜನರೇಟರಿನ ಟ್ರೈಲರನ್ನು ಕಟ್ಟಿತ್ತು. ಕೊನೆಯ ತಿರುವುಗಳಲ್ಲಿ ಚಾಲಕನು ಪೆಡಲನ್ನು ಎಷ್ಟು ಒತ್ತಿದರೂ ವೇಗವು ತಗ್ಗಲೊಲ್ಲದು! ಗೇರನ್ನು ಇಳಿಸಿ, ಕೈಬ್ರೇಕನ್ನು ಮೆಲ್ಲನೆ ಎಳೆಯುತ್ತ, ಹೇಗೋ ಅವನು ನಮ್ಮನ್ನು ಸುಂಕಸಾಳಕ್ಕೆ ಮುಟ್ಟಿಸಿದನು. “ಹೋದ ವಾರವಷ್ಟೇ ಹೊಸ ಪ್ಯಾಡು ಹಾಕಿಸಿದ್ದೆನಲ್ಲ ಸರ್” ಎಂಬುದು ಅವನ ಅಳಲು. ಹೊಸ ಪ್ಯಾಡುಗಳು ಕೈಕೊಟ್ಟುದೇಕೆ?

ಸ್ವಲ್ಪ ಲೆಕ್ಕ ಮಾಡೋಣ. ಹೇರು ಸಹಿತ ಗಾಡಿಯ ತೂಕ 3 ಟನ್, ಟ್ರೈಲರಿನದು 1 ಟನ್ ಎಂದಿಟ್ಟುಕೊಳ್ಳಿ. ಇವು 400 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 1 ಕೋಟಿ 57 ಲಕ್ಷ ಜೌಲ್. 30 ಡಿಗ್ರಿಯ 50 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನು ಇದರಲ್ಲಿ ಒಳ್ಳೆಯ ಪಾಲನ್ನು ಹೀರುತ್ತದೆ. ಇಲ್ಲವಾದರೆ ಬಹುಭಾಗವು ಬ್ರೇಕಿನಲ್ಲಿ ಉಷ್ಣವಾಗುತ್ತದೆ. ಟ್ರೈಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಅದರ ಭಾರವೂ ಪಿಕಪ್ಪಿನ ಪ್ಯಾಡುಗಳ ಮೇಲೆಯೇ.

ಪ್ಯಾಡೆಂಬುದು ನಾರು, ಲೋಹದ ಚೂರು, ಗ್ರಾಫೈಟ್ ಮೊದಲಾದವುಗಳನ್ನು ಕೃತಕ ರಾಳದಿಂದ ಬೆಸೆದ ಅಚ್ಚು. ಹಿಂದೆ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಅತಿಯಾಗಿ ಕಾಯ್ದಾಗ ರಾಳವು ವಿಘಟನೆಗೊಂಡು ಅನಿಲವು ಹೊರಡುತ್ತದೆ, ಘರ್ಷಣೆಯು ಕುಗ್ಗುತ್ತದೆ. ನಾರೇ ಹೆಚ್ಚಾಗಿರುವ ಪ್ಯಾಡು ಸದ್ದಿಲ್ಲದೆ ಹಿಡಿಯುತ್ತದೆ, ಊರೊಳಗೆ ಹಿತ. ಆದರೆ ಬಿಸಿಗೆ ಬೇಗ ಸೋಲುತ್ತದೆ. ಲೋಹದ ಅಂಶ ಹೆಚ್ಚಿರುವ ಪ್ಯಾಡು ಕಿರುಗುಟ್ಟಬಹುದು, ಡಿಸ್ಕನ್ನು ತುಸು ಹೆಚ್ಚು ಸವೆಯಿಸಬಹುದು. ಆದರೂ ಹೇರು ಎಳೆಯುವ ಗಾಡಿಗೆ ನನ್ನ ಮತ ಅದಕ್ಕೇ. ಪಿಂಗಾಣಿ ಬೆರೆತ ಪ್ಯಾಡುಗಳು ಧೂಳು ಕಡಿಮೆ, ಬೆಲೆ ಹೆಚ್ಚು.

ಅನೇಕ ಪ್ಯಾಡುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಮೊದಲನೆಯದು ಸಾಧಾರಣ ಉಷ್ಣತೆಯ ಘರ್ಷಣಾಂಕ, ಎರಡನೆಯದು ಕಾಯ್ದಾಗಿನದು. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಇದು ಪ್ಯಾಡಿನ ಸಣ್ಣದೊಂದು ತುಂಡಿನ ಪರೀಕ್ಷೆಯಾದ್ದರಿಂದ ಇದನ್ನೇ ಪೂರ್ತಿ ನಂಬಲಾಗದು. ಆದರೂ ಎರಡನೆಯ ಅಕ್ಷರವನ್ನು ನೋಡದೆ ಕೊಳ್ಳಬಾರದು.

ಕಾರವಾರದ ಗ್ಯಾರೇಜಿನಲ್ಲಿ ನಮ್ಮ ಗಾಡಿಯ ಚಕ್ರವನ್ನು ಬಿಚ್ಚಿದರು. ಪ್ಯಾಡಿನ ಬೆನ್ನಿನ ಮೇಲೆ ‘ಎಫ್‌ಇ’ ಎಂದಿತ್ತು: ತಣ್ಣಗಿದ್ದಾಗ ಚುರುಕು, ಕಾಯ್ದಾಗ ಮಂದ. ಬ್ರೇಕ್ ಆಯಿಲನ್ನೂ ಬಹುಕಾಲದಿಂದ ಬದಲಿಸಿರಲಿಲ್ಲ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಕುದಿದರೆ ಆವಿಯ ಗುಳ್ಳೆಗಳೆದ್ದು ಪೆಡಲು ಪೊಳ್ಳಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನು ಬರ!

ಚಾಲಕನು ‘ಎಫ್‌ಎಫ್’ ಗುರುತಿನ ಪ್ಯಾಡುಗಳನ್ನೂ ಹೊಸ ಆಯಿಲನ್ನೂ ಹಾಕಿಸಿದನು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲೆಂದು ಎರಡು ದಿನ ಕಾರವಾರ–ಅಂಕೋಲೆಗಳ ನಡುವೆಯೇ ಹಗುರಾಗಿ ಓಡಿಸಿ, ಮೂರನೆಯ ದಿನ ಘಟ್ಟ ಹತ್ತಿದನು.